ನಾಲಿಗೆಯ ಪೊರೆ ಕತ್ತರಿಸಬೇಕೇ? ಮೊದಲು ಮಗು ಹಾಲು ಕುಡಿಯುವುದನ್ನು ನೋಡಿ

ಪ್ರಶ್ನೆ: ನನ್ನ ಮಗನಿಗೆ ಇಂದಿಗೆ 19 ದಿನ. ಹುಟ್ಟಿದಾಗ 2.9 ಕೆ.ಜಿ. ಇದ್ದ. ನಾಲ್ಕನೇ ದಿನ 2.68ಕ್ಕೆ ಇಳಿದು, ಈಗ 3.02 ಆಗಿದ್ದಾನೆ. ಅಳುವಾಗ ನಾಲಿಗೆಯ ತುದಿ ನಡುವೆ ಒಳಕ್ಕೆ ಎಳೆದಂತಾಗಿ ಹೃದಯದ ಆಕಾರ ಕಾಣುತ್ತದೆ. ಒಂದು ಸಲ ಹಾಲು ಕುಡಿಸಲು 50 ನಿಮಿಷ ಬೇಕು. ಎರಡೂ ಮೊಲೆತೊಟ್ಟು ಒಡೆದು ರಕ್ತ ಬರುತ್ತಿದೆ. ಒಬ್ಬ ಡಾಕ್ಟರು ‘ನಾಳೆಯೇ ಲೇಸರ್‌ನಲ್ಲಿ ನಾಲಿಗೆ, ಮೇಲ್ದುಟಿ ಎರಡನ್ನೂ ಬಿಡಿಸೋಣ’ ಎಂದರು. ಇನ್ನೊಬ್ಬರು ‘ತೂಕ ಬರುತ್ತಿದೆಯಲ್ಲ, ಬಿಟ್ಟುಬಿಡಿ’ ಎಂದರು. ಅತ್ತೆಯವರಿಗೆ ಮಗುವಿಗೆ ಮಾತು ತೊದಲುತ್ತದೆ ಎಂಬ ಭಯ. ಏನು ಮಾಡಲಿ? — ದಾವಣಗೆರೆಯಿಂದ ಒಬ್ಬ ತಾಯಿ

ಉತ್ತರ: ನಾಳೆಯೇ ಕತ್ತರಿಸುವಂಥ ತುರ್ತು ನಿಮ್ಮ ಮಗುವಿಗೆ ಇಲ್ಲ. ಹಾಗೆಂದು ‘ಬಿಟ್ಟುಬಿಡಿ’ ಎನ್ನುವುದೂ ಸರಿಯಲ್ಲ. ದಿನಕ್ಕೆ ಹತ್ತು ಸಲ, ಸಲಕ್ಕೆ 50 ನಿಮಿಷ ಎಂದರೆ ನೀವು ದಿನದಲ್ಲಿ ಎಂಟು ಗಂಟೆಗೂ ಹೆಚ್ಚು ಹೊತ್ತು ಒಡೆದ ತೊಟ್ಟಿನಲ್ಲಿ ಹಾಲು ಕುಡಿಸುತ್ತಿದ್ದೀರಿ. ಎಂಥ ಗಟ್ಟಿ ತಾಯಿಯೂ ಇದನ್ನು ಬಹಳ ದಿನ ತಾಳಲಾರಳು. ಕೊನೆಗೆ ಬಾಟಲಿ ಬರುತ್ತದೆ, ಎದೆಹಾಲು ಇಳಿಯುತ್ತದೆ. ಆದ್ದರಿಂದ ಮುಂದಿನ ನಾಲ್ಕೈದು ದಿನ ಮಗು ಮೊಲೆ ಹಿಡಿಯುವ ರೀತಿಯನ್ನು ಸರಿಪಡಿಸುವ ಕೆಲಸ ಮಾಡಿ. ಹಾಲುಣಿಸುವ ತರಬೇತಿ ಇರುವ ಡಾಕ್ಟರೋ ನರ್ಸೋ ಪಕ್ಕದಲ್ಲಿ ಕೂತು ನೋಡಲಿ. ಆಮೇಲೂ ನೋವು ಇಳಿಯದಿದ್ದರೆ ನಾಲಿಗೆಯ ಪೊರೆ ಕತ್ತರಿಸಿಸಿ, ಹಿಂಜರಿಯಬೇಡಿ. ಮೇಲ್ದುಟಿಯನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಬೇಡಿ. ಮುಂದೆ ಮಾತು ಬರಲಿ ಎಂಬ ಕಾರಣಕ್ಕೂ ಕತ್ತರಿಸಿಸಬೇಡಿ.

ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದಕ್ಕೆ ಕಾರಣವಿದೆ. ಒಬ್ಬರು ಪೊರೆಯನ್ನು ನೋಡಿದರು, ಇನ್ನೊಬ್ಬರು ತೂಕವನ್ನು ನೋಡಿದರು. ನಿಮ್ಮ ಪತ್ರ ಓದಿದರೆ, ಮಗು ಹಾಲು ಕುಡಿಯುವುದನ್ನು ಇಬ್ಬರೂ ಕೂತು ನೋಡಿದಂತಿಲ್ಲ. ನಿರ್ಧಾರ ಇರುವುದು ಅಲ್ಲೇ.

ನಾಲಿಗೆಯ ಕೆಳಗಿನ ಪೊರೆ ಎಲ್ಲರಿಗೂ ಇರುತ್ತದೆ. ಕನ್ನಡಿ ಮುಂದೆ ನಿಂತು ನಾಲಿಗೆ ಎತ್ತಿ ನೋಡಿಕೊಳ್ಳಿ, ನಿಮಗೂ ಕಾಣುತ್ತದೆ. ನಾಲಿಗೆಯನ್ನು ಬಾಯಿಯ ತಳಕ್ಕೆ ಕಟ್ಟಿದ ದಾರ ಎಂದು ಇದನ್ನು ಬಹುಕಾಲ ವಿವರಿಸುತ್ತಿದ್ದರು. ನ್ಯೂಜಿಲೆಂಡಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಂಗರಚನೆಯ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ಬಾಯಿಯ ತಳದಲ್ಲಿ ಹಾಸಿಕೊಂಡಿರುವ ತೆಳು ಹಾಳೆಯಂಥ ಅಂಗಾಂಶ, ನಾಲಿಗೆ ಎತ್ತಿದಾಗ ಮಡಿಕೆಯಾಗಿ ಮೇಲೇಳುತ್ತದೆ. ನಮಗೆ ಪೊರೆಯಾಗಿ ಕಾಣುವುದು ಆ ಮಡಿಕೆ. ಕೆಲವರಲ್ಲಿ ಅದು ಪಾರದರ್ಶಕ ಹಾಳೆಯಷ್ಟು ತೆಳು, ಕೆಲವರಲ್ಲಿ ದಪ್ಪ. ಕೆಲವರಲ್ಲಿ ತುದಿಯವರೆಗೂ ಬಂದಿರುತ್ತದೆ, ಕೆಲವರಲ್ಲಿ ಹಿಂದೆಯೇ ನಿಲ್ಲುತ್ತದೆ. ಹೀಗಾಗಿ ‘ಪೊರೆ ಕಾಣುತ್ತಿದೆ’ ಎಂಬುದು ರೋಗವಲ್ಲ. ಪೊರೆಯ ಕಾರಣ ನಾಲಿಗೆ ತನ್ನ ಕೆಲಸ ಮಾಡಲಾಗದೆ ಹೋದಾಗ ಮಾತ್ರ ಅದು ಟಂಗ್ ಟೈ, ನಮ್ಮ ಮಾತಿನಲ್ಲಿ ನಾಲಿಗೆ ಕಟ್ಟು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಕೇಳಿ. ಅಮೆರಿಕದಲ್ಲಿ ಆಸ್ಪತ್ರೆಯ ನವಜಾತ ಶಿಶುಗಳಲ್ಲಿ ಟಂಗ್ ಟೈ ಎಂದು ಬರೆದ ಪ್ರಕರಣಗಳು 1997ರಲ್ಲಿ 3,934 ಇದ್ದದ್ದು 2012ಕ್ಕೆ 32,837 ಆಯಿತು. ಹದಿನೈದು ವರ್ಷದಲ್ಲಿ ಮಕ್ಕಳ ನಾಲಿಗೆ ಬದಲಾಗುವುದಿಲ್ಲ, ನೋಡುವ ಕಣ್ಣು ಬದಲಾಗಿತ್ತು. ಬಾಸ್ಟನ್‌ನ ತಜ್ಞರು 2019ರಲ್ಲಿ ಪ್ರಕಟಿಸಿದ ವರದಿ ಇನ್ನೂ ಸ್ಪಷ್ಟ. ಆಪರೇಷನ್‌ಗೆಂದು ಕಳಿಸಿದ್ದ 115 ಶಿಶುಗಳು ಹಾಲು ಕುಡಿಯುವುದನ್ನು ಮೊದಲು ಕೂತು ನೋಡಿ, ಹಿಡಿತ ತಿದ್ದಿದರು. 72 ಮಕ್ಕಳಿಗೆ ಆಪರೇಷನ್ನೇ ಬೇಕಾಗಲಿಲ್ಲ. ಉಳಿದವರಿಗೆ ಬೇಕಾಯಿತು ಎಂಬುದನ್ನೂ ಮರೆಯಬೇಡಿ.

ಕತ್ತರಿಸಿದರೆ ಏನು ಸಿಗುತ್ತದೆ? ಐದು ಪ್ರಯೋಗಗಳ 302 ಶಿಶುಗಳ ಮಾಹಿತಿಯನ್ನು ಒಟ್ಟುಗೂಡಿಸಿದ, ವೈದ್ಯಕೀಯ ಅಧ್ಯಯನಗಳನ್ನು ಅಳೆದು ನೋಡುವ ಕೊಕ್ರೇನ್ ಸಂಸ್ಥೆಯ 2017ರ ಪರಿಶೀಲನೆಯ ಪ್ರಕಾರ, ತಾಯಿಯ ತೊಟ್ಟಿನ ನೋವು ಸದ್ಯಕ್ಕೆ ಕಡಿಮೆಯಾಗುತ್ತದೆ. ಮಗು ಕುಡಿಯುವುದು ಉತ್ತಮವಾಗುತ್ತದೆಯೇ ಎಂಬುದಕ್ಕೆ ಒಂದೇ ತೆರನಾದ ಉತ್ತರ ಸಿಗಲಿಲ್ಲ. ಆಮೇಲೆ ಬ್ರಿಟನ್ನಿನಲ್ಲಿ ದೊಡ್ಡ ಪ್ರಯೋಗವೊಂದನ್ನು ಶುರುಮಾಡಿ 169 ಶಿಶುಗಳಿಗೇ ನಿಲ್ಲಿಸಬೇಕಾಯಿತು. ‘ಕತ್ತರಿಸದ’ ಗುಂಪಿನ ಬಹುಪಾಲು ಮಕ್ಕಳಿಗೂ ಕೊನೆಗೆ ಕತ್ತರಿಸಿಬಿಟ್ಟಿದ್ದರಿಂದ ಅದರಿಂದ ತೀರ್ಮಾನ ಹೊರಡಲಿಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2024ರಲ್ಲಿ ಹೇಳಿದ್ದು ಇದನ್ನೇ: ತೊಂದರೆ ಇದ್ದರೆ ಮಾತ್ರ ಯೋಚಿಸಿ, ಮೊದಲು ಹಾಲುಣಿಸುವ ನೆರವು ಕೊಡಿ, ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ನಾಲಿಗೆಯ ಕೆಲಸ ಏನೆಂದು ತಿಳಿದರೆ ಮುಂದಿನದು ಸುಲಭ. ಹಾಲು ಕುಡಿಯುವಾಗ ಮಗು ಬರೀ ತೊಟ್ಟನ್ನು ಚೀಪುವುದಿಲ್ಲ. ನಾಲಿಗೆಯ ತುದಿ ಕೆಳ ಒಸಡನ್ನು ದಾಟಿ ಮುಂದೆ ಬಂದು, ಬೊಗಸೆಯಂತೆ ಬಾಗಿ, ಮೊಲೆಯನ್ನು ಕೆಳಗಿನಿಂದ ಹಿಡಿಯುತ್ತದೆ. ಆಮೇಲೆ ನಾಲಿಗೆಯ ನಡುಭಾಗ ಕೆಳಕ್ಕಿಳಿದಾಗ ಬಾಯೊಳಗೆ ಗಾಳಿಯ ಒತ್ತಡ ಕಡಿಮೆಯಾಗಿ ಹಾಲು ಹರಿಯುತ್ತದೆ. ತುದಿ ಒಸಡು ದಾಟದಿದ್ದರೆ ಮೊಲೆಗೂ ಒಸಡಿಗೂ ನಡುವೆ ಮೆತ್ತೆ ಇಲ್ಲದಂತಾಗುತ್ತದೆ. ಒಸಡು ನೇರವಾಗಿ ತೊಟ್ಟನ್ನು ಕಚ್ಚುತ್ತದೆ, ನಾಲಿಗೆ ಅದನ್ನು ಅಂಗುಳಿಗೆ ಒತ್ತಿ ಹಿಚುಕುತ್ತದೆ. ನೋವು, ಬಿರುಕು ಬರುವುದು ಇದರಿಂದ. ಹಾಲು ಪೂರ್ತಿ ಖಾಲಿಯಾಗದ ಎದೆ ಕ್ರಮೇಣ ಕಡಿಮೆ ಹಾಲು ಮಾಡತೊಡಗುತ್ತದೆ. ಮೊದಲ ವಾರಗಳಲ್ಲಿ ಹಾಲು ತಾನಾಗಿ ಚಿಮ್ಮುವುದರಿಂದ ತೂಕ ಬಂದಂತೆ ಕಂಡು, ತಿಂಗಳಾದ ಮೇಲೆ ಕೆಲವು ಮಕ್ಕಳ ತೂಕ ನಿಲ್ಲುವುದೂ ಉಂಟು. ‘ತೂಕ ಬರುತ್ತಿದೆ’ ಎಂಬ ಒಂದೇ ಮಾತನ್ನು ನೆಚ್ಚಬಾರದು ಎನ್ನುವುದು ಇದಕ್ಕೇ.

ಆದರೂ ತೂಕದಿಂದಲೇ ಶುರುಮಾಡೋಣ. ಹುಟ್ಟಿದ ಮಗು ಮೊದಲ ದಿನಗಳಲ್ಲಿ ಶೇ. 7ರಿಂದ 10ರವರೆಗೆ ತೂಕ ಕಳೆದುಕೊಳ್ಳಬಹುದು. ನಿಮ್ಮ ಮಗ 220 ಗ್ರಾಂ ಇಳಿದ, ಅಂದರೆ ಶೇ. 7.6. ಅದು ಮಿತಿಯೊಳಗೇ ಇದೆ. 10ರಿಂದ 14 ದಿನದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಲೆಕ್ಕ ಹಾಕುವುದು ಹುಟ್ಟಿದ ತೂಕದಿಂದಲ್ಲ, ಅತಿ ಕಡಿಮೆ ಇದ್ದ ತೂಕದಿಂದ. ಅವನು 15 ದಿನದಲ್ಲಿ 340 ಗ್ರಾಂ ಏರಿದ್ದಾನೆ, ದಿನಕ್ಕೆ ಸುಮಾರು 23. ಸಾಕಷ್ಟಿದೆ, ಆದರೆ ಕೆಳಗಿನ ಅಂಚಿಗೆ ಹತ್ತಿರ. ಆಶಾ ಕಾರ್ಯಕರ್ತೆ 21 ಮತ್ತು 28ನೇ ದಿನ ಮನೆಗೆ ಬರಬೇಕು. ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಸಾಧ್ಯವಾದಷ್ಟು ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಿ. ಎರಡು ತಕ್ಕಡಿಗಳ ನಡುವೆ 50 ಗ್ರಾಂ ವ್ಯತ್ಯಾಸ ಬಂದರೂ ಎರಡು ದಿನದ ಲೆಕ್ಕ ತಪ್ಪಿಹೋಗುತ್ತದೆ. ದಿನಕ್ಕೆ ಕನಿಷ್ಠ ಆರು ಸಲ ಚೆನ್ನಾಗಿ ಉಚ್ಚೆ ಹೊಯ್ಯಬೇಕು, ಕಕ್ಕ ಹಳದಿಗೆ ತಿರುಗಿರಬೇಕು.

ಇನ್ನು ಬಾಯಿ. ಕೈ ತೊಳೆದು, ಉಗುರು ಕತ್ತರಿಸಿದ ಬೆರಳಿಂದ ನೀವೇ ನೋಡಬಹುದು. ಕೆಳ ಒಸಡನ್ನು ಮೆಲ್ಲಗೆ ಸವರಿ. ನಾಲಿಗೆ ಬೆರಳನ್ನು ಹಿಂಬಾಲಿಸಿ ಒಸಡು ದಾಟಿ ತುಟಿಯ ಮೇಲೆ ಬರುತ್ತದೆಯೇ, ಒಸಡಿನ ಹಿಂದೆಯೇ ನಿಲ್ಲುತ್ತದೆಯೇ? ಬಾಯಿ ಅಗಲಿಸಿ ಅಳುವಾಗ ತುದಿ ಬಾಯಿಯ ಅರ್ಧ ಎತ್ತರಕ್ಕಾದರೂ ಏಳುತ್ತದೆಯೇ, ಅಂಚುಗಳು ಮಾತ್ರ ಎದ್ದು ನಡುವೆ ತಗ್ಗಾಗುತ್ತದೆಯೇ? ಬ್ರಿಸ್ಟಲ್‌ನಲ್ಲಿ ರೂಪಿಸಿದ ಅಳತೆಪಟ್ಟಿಯೊಂದನ್ನು ಡಾಕ್ಟರುಗಳು ಬಳಸುತ್ತಾರೆ. ಅದರಲ್ಲಿ ನಾಲ್ಕೇ ವಿಷಯ: ತುದಿಯ ಆಕಾರ, ಪೊರೆ ಒಸಡಿನ ಯಾವ ಜಾಗಕ್ಕೆ ಅಂಟಿದೆ, ನಾಲಿಗೆ ಎಷ್ಟು ಏಳುತ್ತದೆ, ಎಷ್ಟು ಹೊರಬರುತ್ತದೆ. ಒಂದೊಂದಕ್ಕೆ 0ರಿಂದ 2 ಅಂಕ, ಒಟ್ಟು 8. ಮೂರು ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಟ್ಟು ಬಿಗಿಯಾಗಿದೆ ಎಂದರ್ಥ. ನಿಮ್ಮ ಮಗನ ಅಂಕ ಎಷ್ಟೆಂದು ಕೇಳಿ ಬರೆಸಿಕೊಳ್ಳಿ. ಆದರೆ ಅಂಕ ಒಂದೇ ತೀರ್ಪಲ್ಲ. 3 ಬಂದೂ ನೋವಿಲ್ಲದೆ ಕುಡಿಯುವ ಮಗುವಿಗೆ ಏನೂ ಮಾಡಬೇಕಿಲ್ಲ. ‘ಹೊರಗೆ ಕಾಣುವುದಿಲ್ಲ, ಹಿಂದೆ ಒಳಗೆ ಕಟ್ಟಿದೆ’ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ. ಈ ಹಿಂಭಾಗದ ಕಟ್ಟು ಎಂದರೇನು ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಮಗು ಬಿಟ್ಟ ಕೂಡಲೇ ನಿಮ್ಮ ತೊಟ್ಟಿನ ಆಕಾರ. ಚೆನ್ನಾಗಿ ಹಿಡಿದಿದ್ದರೆ ತೊಟ್ಟು ಉದ್ದವಾಗಿ, ದುಂಡಗೆ ಹೊರಬರುತ್ತದೆ. ಒಂದು ಕಡೆ ಓರೆಯಾಗಿ ಚಪ್ಪಟೆಯಾಗಿದ್ದರೆ, ತುದಿಯಲ್ಲಿ ಬಿಳಿ ಗೆರೆ ಇದ್ದರೆ ಒಳಗೆ ಹಿಚುಕಿದೆ ಎಂದು ತಿಳಿಯಿರಿ. ಹಾಲು ಕುಡಿಸುವಾಗ ‘ಟಕ್ ಟಕ್’ ಎಂಬ ಸದ್ದು ಬಂದರೆ ಹಿಡಿತ ಆಗಾಗ ಜಾರುತ್ತಿದೆ. ಗುಟುಕು ನುಂಗುವ ಸದ್ದು ಕೇಳದೆ ಬರೀ ಚೀಪುತ್ತಿದ್ದರೆ 50 ನಿಮಿಷ ಕಳೆದರೂ ಹೊಟ್ಟೆ ತುಂಬಿರುವುದಿಲ್ಲ. ಆಸ್ಪತ್ರೆಯಲ್ಲಿ 5 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಇದ್ದರೆ, ಅದೇ ಬಟ್ಟೆಯಲ್ಲಿ ಕುಡಿಸುವ ಮೊದಲೂ ಆಮೇಲೂ ತೂಗಿಸಿ. ಒಂದು ಗ್ರಾಂ ಏರಿಕೆ ಎಂದರೆ ಹೆಚ್ಚುಕಡಿಮೆ ಒಂದು ಎಂ.ಎಲ್. ಹಾಲು. ಮೂರು ಕೆ.ಜಿ. ಮಗುವಿಗೆ ದಿನಕ್ಕೆ ಸುಮಾರು 450 ಎಂ.ಎಲ್. ಬೇಕು, ಹತ್ತು ಸಲ ಕುಡಿದರೆ ಸಲಕ್ಕೆ 45. ಒಂದು ಸಲ 20 ಬಂತೆಂದು ಗಾಬರಿ ಬೇಡ, ಎರಡು ಮೂರು ಸಲ ನೋಡಿ.

ಹಿಡಿತ ತಿದ್ದುವುದು ಹೀಗೆ. ಗೋಡೆಗೆ ದಿಂಬು ಕೊಟ್ಟು ಅರೆಬರೆ ಹಿಂದಕ್ಕೆ ಒರಗಿ ಕೂತುಕೊಳ್ಳಿ. ಬಾಣಂತಿಗೆ ನೆಟ್ಟಗೆ ಕೂರಲು ಹೇಳುವವರು ಬಹಳ, ಆದರೆ ನಾಲಿಗೆ ಕಟ್ಟಿರುವ ಮಗುವಿಗೆ ಒರಗುವ ಭಂಗಿಯೇ ಒಳ್ಳೆಯದು. ಮಗು ನಿಮ್ಮ ಮೇಲೆ ಬೋರಲಾಗಿ ಮಲಗಿದಾಗ ನಾಲಿಗೆ ತನ್ನ ಭಾರಕ್ಕೇ ಮುಂದೆ ಬರುತ್ತದೆ. ಅವನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ, ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಲಿ. ತೊಟ್ಟು ಬಾಯಿಯ ಎದುರಲ್ಲ, ಮೂಗಿನ ಎದುರು ಇರಬೇಕು. ತೊಟ್ಟಿನಿಂದ ಮೇಲ್ದುಟಿ ಸವರಿ, ಆಕಳಿಸುವಷ್ಟು ಬಾಯಿ ತೆರೆಯುವವರೆಗೂ ಕಾಯಿರಿ. ಇಲ್ಲಿ ಆತುರ ಮಾಡಿದರೆ ಉಳಿದದ್ದೆಲ್ಲ ಕೆಡುತ್ತದೆ. ತೆರೆದ ಕೂಡಲೇ ತಲೆಯನ್ನಲ್ಲ, ಬೆನ್ನನ್ನು ಒತ್ತಿ ಹತ್ತಿರ ತನ್ನಿ. ಗದ್ದ ಮೊದಲು ಮೊಲೆಯಲ್ಲಿ ಹೂತುಕೊಳ್ಳಬೇಕು. ಕೆಳದುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳಗಿನದಕ್ಕಿಂತ ಮೇಲ್ದುಟಿಯ ಕಡೆ ಹೆಚ್ಚು ಕಾಣಬೇಕು. ಮೊದಲ ಅರ್ಧ ನಿಮಿಷದ ಆಚೆಗೂ ನೋವಿದ್ದರೆ ಕಿರುಬೆರಳನ್ನು ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಿಡಿಸಿ. ಎಳೆದು ಬಿಡಿಸಬೇಡಿ. ನುಂಗುವುದು ನಿಂತಾಗ ಮೊಲೆಯನ್ನು ಕೈಯಿಂದ ಮೆಲ್ಲಗೆ ಅದುಮಿ ಹಾಲು ಹರಿಯಿಸಿ. ಅರ್ಧ ಗಂಟೆಗೆ ನಿಲ್ಲಿಸಿ. ಉಳಿದ ಹಾಲನ್ನು ಕೈಯಿಂದ ಹಿಂಡಿ ತೆಗೆಯಿರಿ. ತೊಳೆದು ನೀರಿನಲ್ಲಿ ಚೆನ್ನಾಗಿ ಕುದಿಸಿದ ಒಳಲೆಯಲ್ಲಿ ಅದನ್ನು ಮಗುವಿನ ತಲೆ ಎತ್ತಿ ಹಿಡಿದು ಸ್ವಲ್ಪಸ್ವಲ್ಪವೇ ಕುಡಿಸಿ. ಇದರಿಂದ ಮಗುವಿನ ಹೊಟ್ಟೆಯೂ ತುಂಬುತ್ತದೆ, ಹಾಲೂ ಇಳಿಯುವುದಿಲ್ಲ, ಬಿರುಕಿಗೂ ಬಿಡುವು ಸಿಗುತ್ತದೆ.

ಈ ನಾಲ್ಕೈದು ದಿನದಲ್ಲಿ ಡಾಕ್ಟರು ಬೇರೆ ಕಾರಣಗಳನ್ನೂ ನೋಡಬೇಕು. ಅಂಗುಳಿನ ಒಳಗೆ ಚರ್ಮದಡಿ ಸೀಳು ಇದೆಯೇ ಎಂದು ಬೆರಳಿಟ್ಟು ಮುಟ್ಟಿ ನೋಡಬೇಕು. ಗದ್ದ ತೀರ ಚಿಕ್ಕದಾಗಿ ಹಿಂದಕ್ಕಿರುವ ಮಗುವಿನಲ್ಲಿ ಪೊರೆ ಕತ್ತರಿಸಿದರೆ ನಾಲಿಗೆ ಹಿಂದೆ ಸರಿದು ಉಸಿರಿಗೆ ಅಡ್ಡಿಯಾಗಬಹುದು, ಅಂಥವರಿಗೆ ಕತ್ತರಿ ಹಾಕಲೇಬಾರದು. ಮೈ ಜೋಲುಬಿದ್ದ ಮಗು, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು ಕುಡಿಯಲು ಸೋಲುವುದು ನಾಲಿಗೆಯಿಂದಲ್ಲ. ನಿಮ್ಮ ಕಡೆಯೂ ನೋಡಬೇಕು: ತೊಟ್ಟಿಗೆ ಫಂಗಸ್ ಸೋಂಕು, ಚಪ್ಪಟೆ ತೊಟ್ಟು, ಕುಡಿಸಿದ ಮೇಲೆ ತೊಟ್ಟು ಬಿಳಿಚಿಕೊಂಡು ಉರಿಯುವ ರಕ್ತನಾಳದ ಸೆಡೆತ. ಇವಕ್ಕೆ ಚಿಕಿತ್ಸೆಯೇ ಬೇರೆ.

ಇಷ್ಟಾದ ಮೇಲೂ ತೊಟ್ಟು ಚಪ್ಪಟೆಯಾಗಿಯೇ ಬರುತ್ತಿದ್ದರೆ, ಬಿರುಕು ಮಾಯದಿದ್ದರೆ, ಅಥವಾ ತೂಕದ ಏರಿಕೆ ದಿನಕ್ಕೆ 20 ಗ್ರಾಂಗಿಂತ ಕೆಳಗಿಳಿದರೆ, ಜೊತೆಗೆ ನಾಲಿಗೆಯ ತುದಿಯೂ ಒಸಡು ದಾಟದಿದ್ದರೆ ಕತ್ತರಿಸುವುದೇ ಸರಿ. ನೀವು ವರ್ಣಿಸಿದ ಹೃದಯದ ಆಕಾರ ನೋಡಿದರೆ ನಿಮ್ಮ ಮಗು ಈ ಗುಂಪಿಗೆ ಸೇರುವ ಸಾಧ್ಯತೆ ಕಡಿಮೆಯೇನಲ್ಲ. ತಿಂಗಳುಗಟ್ಟಲೆ ಕಾಯಬೇಡಿ. ಮೊದಲ ವಾರಗಳಲ್ಲಿ ಮಗುವಿಗೆ ಅರಿವಳಿಕೆ ಬೇಕಿಲ್ಲ. ತಿಂಗಳುಗಳು ಕಳೆದು ಮಗು ಬಲಿತು ಹಲ್ಲು ಬಂದರೆ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಬಾಟಲಿಗೆ ಒಗ್ಗಿದ ಮೇಲೆ ಕತ್ತರಿಸಿದರೆ ಮೊಲೆಗೆ ಮರಳುವುದೂ ಕಷ್ಟ.

ಮೇಲ್ದುಟಿಯ ಮಾತು ಚಿಕ್ಕದು. ತುಟಿಯನ್ನು ಒಸಡಿಗೆ ಸೇರಿಸುವ ಪೊರೆ ನವಜಾತ ಶಿಶುಗಳಲ್ಲಿ ಒಸಡಿನ ಅಂಚಿನವರೆಗೂ ಇರುವುದು ಸಹಜ, ದವಡೆ ಬೆಳೆದಂತೆ ಮೇಲೆ ಸರಿಯುತ್ತದೆ. ಹಾಲು ಕುಡಿಯಲು ಮೇಲ್ದುಟಿ ಹೊರಕ್ಕೆ ಮಡಚಬೇಕಾಗಿಯೇ ಇಲ್ಲ. ತುಟಿ, ಕೆನ್ನೆಯ ಪೊರೆ ಕತ್ತರಿಸಲು ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೂ ಹೇಳಿದೆ.

ನಿಮ್ಮ ಅತ್ತೆಯವರ ಭಯಕ್ಕೆ ಗೌರವದಿಂದಲೇ ಉತ್ತರ ಹೇಳಬೇಕು. ಮಾತು ತಡವಾಗುವುದಕ್ಕೆ ನಾಲಿಗೆ ಕಟ್ಟು ಕಾರಣವಲ್ಲ. ಮಗು ಶಬ್ದ ಕೇಳಿ ಕಲಿಯುತ್ತದೆ. ಆದ್ದರಿಂದ ಮಾತಿನ ಚಿಂತೆ ಇದ್ದರೆ ಮೊದಲು ಶ್ರವಣ ಪರೀಕ್ಷೆ ಮಾಡಿಸಿ, ಅದನ್ನು ನವಜಾತ ಶಿಶುವಿಗೂ ಮಾಡಬಹುದು. ಬಿಗಿಯಾದ ಕಟ್ಟಿನಿಂದ ಕೆಲವು ಮಕ್ಕಳಿಗೆ ಕೆಲವು ಉಚ್ಚಾರ ತೊಡಕಾಗಬಹುದು, ಅಷ್ಟೆ. ‘ಹಲ್ಲು’ ಎಂದು ಹೇಳಿ, ಆಮೇಲೆ ‘ಹಳ್ಳ’ ಎನ್ನಿ. ‘ಲ’ಕ್ಕೆ ತುದಿ ಹಲ್ಲಿನ ಹಿಂದೆ ತಾಗುತ್ತದೆ, ‘ಳ’ಕ್ಕೆ ಮೇಲೆದ್ದು ಹಿಂದಕ್ಕೆ ಮಡಚುತ್ತದೆ. ಕನ್ನಡದ ಟ, ಡ, ಣ, ಳ ಎಲ್ಲಕ್ಕೂ ತುದಿ ಹೀಗೆ ಏಳಬೇಕು. ಆದರೆ ಕಟ್ಟು ಇದ್ದೂ ಇವನ್ನೆಲ್ಲ ಸ್ಪಷ್ಟವಾಗಿ ನುಡಿಯುವವರು ಬಹಳ ಮಂದಿ. ನಾಲಿಗೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಯಾವ ಶಿಶುವಿಗೆ ಮುಂದೆ ತೊಡಕಾಗುತ್ತದೆ ಎಂದು ಇಂದೇ ಹೇಳುವ ಪರೀಕ್ಷೆ ಇಲ್ಲ. ಈಗ ಕತ್ತರಿಸಿದರೆ ಮುಂದಿನ ತೊಡಕು ತಪ್ಪುತ್ತದೆ ಎಂಬುದಕ್ಕೂ ಆಧಾರವಿಲ್ಲ. ನಾಲ್ಕೈದು ವರ್ಷಕ್ಕೆ ಉಚ್ಚಾರ ಅಸ್ಪಷ್ಟವಾಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಿ, ಅಗತ್ಯ ಕಂಡರೆ ಆಗ ಕತ್ತರಿಸಿದರೂ ತಡವಾಗುವುದಿಲ್ಲ. ಬಜೆ ತೇಯ್ದು ನಾಲಿಗೆಗೆ ಸವರುವುದು, ಜೇನು ನೆಕ್ಕಿಸುವುದು ಬೇಡ. ಆರು ತಿಂಗಳು ಎದೆಹಾಲು, ಡಾಕ್ಟರು ಕೊಟ್ಟ ಔಷಧ ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಜೇನು ವರ್ಷ ತುಂಬದ ಮಗುವಿಗೆ ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ನಂಜು ತರಬಲ್ಲದು.

ಕತ್ತರಿಸುವುದೆಂದು ನಿಶ್ಚಯವಾದರೆ ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ. ಹುಟ್ಟಿದಾಗ ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಇಂಜೆಕ್ಷನ್ 1 ಮಿ.ಗ್ರಾಂ. ಕೊಟ್ಟಿದ್ದಾರೆಯೇ ಎಂದು ಅದರಲ್ಲಿ ಇರಬೇಕು. ಕೊಡದಿದ್ದರೆ ಆಪರೇಷನ್ ಮುಂದೂಡಿ, ಮೊದಲು ಇಂಜೆಕ್ಷನ್ ಕೊಡಿಸಿ. ನಿಮ್ಮ ತಂದೆ, ಅಣ್ಣತಮ್ಮಂದಿರು, ಸೋದರಮಾವಂದಿರಲ್ಲಿ ಯಾರಿಗಾದರೂ ಗಾಯವಾದರೆ ರಕ್ತ ನಿಲ್ಲದ ತೊಂದರೆ ಇದ್ದರೆ ತಪ್ಪದೆ ಹೇಳಿ. ಹಿಮೋಫಿಲಿಯಾ ಎಂಬ ಈ ಕಾಯಿಲೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಹೊಕ್ಕುಳಿಂದ ಹೆಚ್ಚು ರಕ್ತ ಹೋಗಿದ್ದರೆ ಅದನ್ನೂ ಹೇಳಿ.

ಕೆಲಸ ಕೆಲವೇ ಸೆಕೆಂಡುಗಳದ್ದು. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಒಬ್ಬರು ತಲೆ ಅಲುಗದಂತೆ ಹಿಡಿಯುತ್ತಾರೆ. ನೋವು ಮರೆಸಲು ಒಂದೆರಡು ಹನಿ ಸಕ್ಕರೆ ದ್ರಾವಣ ಕೊಡುವುದುಂಟು. ನಾಲಿಗೆ ಎತ್ತಿ, ಮೊಂಡು ತುದಿಯ ಕತ್ತರಿಯಿಂದ ಪೊರೆಯ ತೆಳುಭಾಗವನ್ನು ನಾಲಿಗೆಯ ಕಡೆಗೆ ಕತ್ತರಿಸುತ್ತಾರೆ. ಬಾಯಿಯ ತಳದಲ್ಲಿ ಜೊಲ್ಲಿನ ಗ್ರಂಥಿಯ ಎರಡು ನಾಳಗಳು ತೆರೆದುಕೊಳ್ಳುವ ಕಾರಣ ಅಲ್ಲಿಗೆ ಕತ್ತರಿ ಹೋಗಬಾರದು. ತೀರ ಆಳಕ್ಕೆ ಹೋದರೆ ನಾಲಿಗೆಯ ನರದ ಕವಲುಗಳಿವೆ. ಹತ್ತಿಬಟ್ಟೆಯಿಂದ ಒಂದೆರಡು ನಿಮಿಷ ಒತ್ತಿಹಿಡಿದು, ತಕ್ಷಣ ಮೊಲೆಗೆ ಹಾಕುತ್ತಾರೆ. ಲೇಸರ್ ಇದಕ್ಕಿಂತ ಉತ್ತಮ ಎಂದು ಸಾಬೀತಾಗಿಲ್ಲ. ಹೆಚ್ಚು ದುಡ್ಡು ಕೊಡುವ ಮೊದಲು ಇದನ್ನು ನೆನಪಿಡಿ. ಮರಗಟ್ಟಿಸಲು ಬೆಂಜೋಕೇನ್ ಜೆಲ್ ಹಚ್ಚಬಾರದು, ಅದು ಶಿಶುವಿನ ರಕ್ತ ಆಮ್ಲಜನಕ ಒಯ್ಯುವುದನ್ನೇ ಕೆಡಿಸಬಹುದು.

ಮನೆಗೆ ಬಂದ ಮೇಲೆ ಗಾಯದ ಜಾಗದಲ್ಲಿ ಬಿಳಿ ಹಳದಿ ಮಚ್ಚೆ ಕಾಣುತ್ತದೆ. ಅದು ಕೀವಲ್ಲ, ಗಾಯ ಮಾಗುವ ರೀತಿ. ವಾರದಿಂದ ಹತ್ತು ದಿನಕ್ಕೆ ಹೋಗುತ್ತದೆ. ಅರಿಶಿನ, ತುಪ್ಪ ಏನನ್ನೂ ಹಚ್ಚಬೇಡಿ. ‘ಮತ್ತೆ ಅಂಟದಿರಲಿ’ ಎಂದು ದಿನಕ್ಕೆ ಹಲವು ಸಲ ಬೆರಳಿಂದ ಗಾಯ ಎಳೆಯಲು ಕೆಲವರು ಹೇಳಿಕೊಡುತ್ತಾರೆ. ಅದರಿಂದ ಉಪಯೋಗವಾದದ್ದಕ್ಕೆ ಪುರಾವೆಯಿಲ್ಲ, ಮಗುವಿಗೆ ನೋವಾಗಿ ಬಾಯಿ ಮುಟ್ಟಿದರೇ ಬೆಚ್ಚುವಂತಾಗುತ್ತದೆ. ಹಾಲು ಕುಡಿಯುವುದೇ ಅವನ ವ್ಯಾಯಾಮ. ನಿಮ್ಮ ನೋವು ಅಂದೇ ಇಳಿಯಬಹುದು, ಒಂದೆರಡು ವಾರವೂ ಹಿಡಿಯಬಹುದು. ಹಳೆಯ ಹಿಡಿತದ ಅಭ್ಯಾಸ ಬಿಡಿಸಬೇಕಾದ್ದರಿಂದ ಒರಗಿ ಕೂರುವುದನ್ನು ಮುಂದುವರಿಸಿ. ಏಳನೇ ದಿನ ತೂಗಿಸಿ. ಜೊಲ್ಲಿನಲ್ಲಿ ತುಸು ಕೆಂಪು ಕಂಡರೆ ಮೊಲೆಗೆ ಹಾಕಿ. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿಹಿಡಿಯಿರಿ, ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಸಾಲಾಗಿ ಎರಡು ಸಲ ಹಾಲು ಮುಟ್ಟದೆ ಮಂಕಾಗಿ ಮಲಗಿದರೆ, ರಾತ್ರಿಯಾದರೂ ಬೆಳಗಿನವರೆಗೆ ಕಾಯಬೇಡಿ.